117ನೇ ಧಾತು: 22 ಮಿಲಿಗ್ರಾಂ ಬರ್ಕೀಲಿಯಂ, ಆರು ಪರಮಾಣು

ಆವರ್ತ ಕೋಷ್ಟಕದ ಏಳನೇ ಸಾಲಿನಲ್ಲಿ 118ನೇ ಧಾತು ಮೊದಲು ಬಂತು, 117 (ಈಗಿನ ಹೆಸರು ಟೆನ್ನೆಸಿನ್) ಆಮೇಲೆ ಬಂತು. ರಷ್ಯಾದ ಡುಬ್ನಾದ ಪರಮಾಣು ಸಂಶೋಧನಾ ಕೇಂದ್ರದಲ್ಲಿ 118ರ ಮೊದಲ ಸುಳಿವು ಸಿಕ್ಕಿದ್ದು 2002ರಲ್ಲಿ, ಅದನ್ನು ಲೋಕಕ್ಕೆ ಹೇಳಿದ್ದು 2006ರಲ್ಲಿ. 117ರ ಸುದ್ದಿ ಹೊರಬಿದ್ದದ್ದು 2010ರ ಏಪ್ರಿಲ್‌ನಲ್ಲಿ. ಒಂದು ಮನೆ ಖಾಲಿ ಬಿಟ್ಟು ಮುಂದಿನದಕ್ಕೆ ಹಾರಿದ್ದಕ್ಕೆ ಗಹನವಾದ ಭೌತಶಾಸ್ತ್ರವೇನೂ ಕಾರಣವಲ್ಲ. ಬೇಕಾದ ಸಾಮಾನು ಯಾರ ಬಳಿಯೂ ಇರಲಿಲ್ಲ, ಅಷ್ಟೇ.

ಇಷ್ಟು ಭಾರದ ಧಾತುಗಳನ್ನು ಮಾಡುವ ಲೆಕ್ಕ ಮೇಲ್ನೋಟಕ್ಕೆ ಒಂದನೇ ಕ್ಲಾಸಿನ ಕೂಡುವ ಲೆಕ್ಕ. ಕ್ಯಾಲ್ಸಿಯಂನಲ್ಲಿ 20 ಪ್ರೋಟಾನ್. 118 ಬೇಕಿದ್ದರೆ 98 ಪ್ರೋಟಾನಿನ ಕ್ಯಾಲಿಫೋರ್ನಿಯಂಗೆ ಅದನ್ನು ಗುದ್ದಿಸಬೇಕು. 117 ಬೇಕಿದ್ದರೆ 97ರ ಬರ್ಕೀಲಿಯಂಗೆ. ಕ್ಯಾಲಿಫೋರ್ನಿಯಂ-249ರ (249 ಎಂದರೆ ಪ್ರೋಟಾನ್, ನ್ಯೂಟ್ರಾನ್ ಸೇರಿದ ಸಂಖ್ಯೆ) ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯವಾಗಲು ಬೇಕಾದ ಕಾಲ, 351 ವರ್ಷ; ಮಾಡಿ ತಿಜೋರಿಯಲ್ಲಿಟ್ಟರೆ ನಾಳೆಯೂ ಇರುತ್ತದೆ, ಮುಂದಿನ ತಲೆಮಾರಿಗೂ ಇರುತ್ತದೆ. ಬರ್ಕೀಲಿಯಂ-249ರ ಅರ್ಧಾಯು 327 ದಿನ. ಮಾಡಿದ ಕ್ಷಣದಿಂದಲೇ ಅದು ಬೀಟಾ ಕ್ಷಯವಾಗುತ್ತಾ (ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತಾ), ಇನ್ನೆಲ್ಲಿಗೂ ಅಲ್ಲ, ಅದೇ ಕ್ಯಾಲಿಫೋರ್ನಿಯಂ-249ಕ್ಕೆ ತಿರುಗುತ್ತದೆ. 117ನೇ ಧಾತುವಿನ ಕಥೆಯ ಪ್ರತಿ ಹೆಜ್ಜೆಯನ್ನೂ ಈ 327 ದಿನಗಳ ಗಡಿಯಾರದ ಪಕ್ಕದಲ್ಲಿಟ್ಟೇ ಓದಬೇಕು. ಇದನ್ನು ಬಿಟ್ಟು ಬರೀ ಸೈಕ್ಲೋಟ್ರಾನಿನ (ಅಯಾನುಗಳಿಗೆ ವೇಗ ಕೊಡುವ ಯಂತ್ರ) ವೈಭವ ಹೇಳುವ ಬರಹಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ ಎಂಬುದು ನನ್ನ ದೂರು.

ಬೇರೆ ದಾರಿ ಇರಲಿಲ್ಲವೇ? ಲೆಕ್ಕಕ್ಕೇನೋ ಇದೆ. 22 ಪ್ರೋಟಾನಿನ ಟೈಟಾನಿಯಂ ಮತ್ತು 95ರ ಅಮೆರಿಸಿಯಂ ಸೇರಿದರೂ 117. ಅಮೆರಿಸಿಯಂ-243ರ ಅರ್ಧಾಯು ಏಳು ಸಾವಿರ ವರ್ಷಕ್ಕಿಂತ ಹೆಚ್ಚು, ಸಿಗುವುದೂ ಸುಲಭ. ಆದರೆ ಕ್ಯಾಲ್ಸಿಯಂ-48 ಬಿಟ್ಟು ಬೇರೆ ಕಣ ಹಿಡಿದ ತಕ್ಷಣ ಸಮ್ಮಿಳನದ ಸಾಧ್ಯತೆ ಹಲವು ಪಟ್ಟು ಕುಸಿಯುತ್ತದೆ. ಕ್ಯಾಲ್ಸಿಯಂ-48ರಲ್ಲಿ 20 ಪ್ರೋಟಾನ್, 28 ನ್ಯೂಟ್ರಾನ್; ಎರಡೂ ಮಾಂತ್ರಿಕ ಸಂಖ್ಯೆಗಳು, ಅಂದರೆ ನ್ಯೂಕ್ಲಿಯಸ್ಸನ್ನು ವಿಶೇಷವಾಗಿ ಸ್ಥಿರವಾಗಿಸುವ ಎಣಿಕೆಗಳು. ಬಿಗಿಯಾಗಿ ಕಟ್ಟಿದ ನ್ಯೂಕ್ಲಿಯಸ್ಸಾದ್ದರಿಂದ ಸಮ್ಮಿಳನವಾದಾಗ ಹುಟ್ಟುವ ಸಂಯುಕ್ತ ನ್ಯೂಕ್ಲಿಯಸ್ ಹೆಚ್ಚು ಕುದಿಯುವುದಿಲ್ಲ. ಮೂರ್ನಾಲ್ಕು ನ್ಯೂಟ್ರಾನ್ ಉಗುಳಿ ತಣ್ಣಗಾಗುತ್ತದೆ. ಜೊತೆಗೆ ಇಷ್ಟು ಹಗುರ ಧಾತುವಿನಲ್ಲಿ ಎಂಟು ಹೆಚ್ಚುವರಿ ನ್ಯೂಟ್ರಾನ್ ಹೊತ್ತು ತರುವ ಕಣ ಇನ್ನೊಂದಿಲ್ಲ. ಅತಿಭಾರದ ನ್ಯೂಕ್ಲಿಯಸ್ಸುಗಳು ಸ್ವಲ್ಪವಾದರೂ ಬಾಳಬೇಕಾದರೆ ನ್ಯೂಟ್ರಾನ್ ಬೇಕೇ ಬೇಕು. ತೊಂದರೆಯೆಂದರೆ ನಿಸರ್ಗದ ಕ್ಯಾಲ್ಸಿಯಂನಲ್ಲಿ ಇದರ ಪಾಲು ಶೇ. 0.187 ಮಾತ್ರ. ವಿದ್ಯುತ್ಕಾಂತೀಯ ವಿಧಾನದಲ್ಲಿ ಒಂದೊಂದೇ ಅಯಾನನ್ನು ಬೇರ್ಪಡಿಸಿ ಕೂಡಿಸಬೇಕು. ಗ್ರಾಂ ಲೆಕ್ಕದಲ್ಲಿ ಕೊಳ್ಳುವವರು ಲಕ್ಷ ಡಾಲರ್‌ಗಳಲ್ಲಿ ಮಾತಾಡುತ್ತಾರೆ. ಹಾಗಾಗಿ ಅಯಾನು ಮೂಲದಲ್ಲಿ ಅದನ್ನು ಗಂಟೆಗೆ ಮಿಲಿಗ್ರಾಮಿಗಿಂತ ಕಡಿಮೆ ಖರ್ಚಾಗುವಂತೆ ಉರಿಸುತ್ತಾರೆ, ಗೋಡೆಗೆ ಅಂಟಿದ್ದನ್ನೂ ಕೆರೆದು ವಾಪಸ್ ಪಡೆಯುತ್ತಾರೆ.

ಬರ್ಕೀಲಿಯಂ ಮಾತ್ರ ದುಡ್ಡು ಕೊಟ್ಟರೂ ಸಿಗುವಂಥದ್ದಲ್ಲ. ರಿಯಾಕ್ಟರಿನಲ್ಲಿ ಕ್ಯೂರಿಯಂ ನ್ಯೂಟ್ರಾನುಗಳನ್ನು ಒಂದಾದ ಮೇಲೊಂದು ನುಂಗುತ್ತಾ ಕ್ಯೂರಿಯಂ-249 ಆಗುತ್ತದೆ. ಅದು ಒಂದು ಗಂಟೆಯ ಆಸುಪಾಸಿನ ಅರ್ಧಾಯುವಿನಲ್ಲಿ ಬರ್ಕೀಲಿಯಂ-249 ಆಗುತ್ತದೆ. ಅದು ಇನ್ನೊಂದು ನ್ಯೂಟ್ರಾನ್ ನುಂಗಿ ಬರ್ಕೀಲಿಯಂ-250 ಆಗಿ, ಮೂರು ಚಿಲ್ಲರೆ ಗಂಟೆಗಳ ಅರ್ಧಾಯುವಿನಲ್ಲಿ ಕ್ಯಾಲಿಫೋರ್ನಿಯಂ-250 ಆಗಿ ಮುಂದೆ ಸಾಗುತ್ತದೆ. ಅಂದರೆ ಬರ್ಕೀಲಿಯಂ ಈ ಮಾರ್ಗದಲ್ಲಿ ಎಕ್ಸ್‌ಪ್ರೆಸ್ ಬಸ್ಸು ನಿಂತೂ ನಿಲ್ಲದಂತೆ ಹಾದುಹೋಗುವ ನಿಲ್ದಾಣ. ಹೆಚ್ಚು ಹೊತ್ತು ಕಾಯಿಸಿದರೆ ಇರುವುದೂ ಮುಂದಕ್ಕೆ ಹೋಗುತ್ತದೆ. ಬರ್ಕೀಲಿಯಂ-247 ಎಂಬ ಇನ್ನೊಂದು ಐಸೊಟೋಪು ಸಾವಿರ ವರ್ಷಕ್ಕೂ ಮಿಕ್ಕಿ ಬಾಳುತ್ತದಲ್ಲ, ಅದನ್ನೇ ಬಳಸಬಾರದೇ ಎಂದು ಕೇಳುವವರಿದ್ದಾರೆ. ಈ ನ್ಯೂಟ್ರಾನ್ ಮಾರ್ಗದಲ್ಲಿ ಅದು ಹುಟ್ಟುವುದೇ ಇಲ್ಲ. ವೇಗೋತ್ಕರ್ಷಕದಲ್ಲಿ ಮಾಡಿದರೆ ಸಿಗುವುದು ಕುರುಹಿನಷ್ಟು. ಮೇಲಾಗಿ ಎರಡು ನ್ಯೂಟ್ರಾನ್ ಕಡಿಮೆ.

ಮಿಲಿಗ್ರಾಂಗಟ್ಟಲೆ ಬರ್ಕೀಲಿಯಂ ಮಾಡಬಲ್ಲ ಜಾಗಗಳು ಭೂಮಿಯ ಮೇಲೆ ಎರಡೇ: ಅಮೆರಿಕದ ಟೆನ್ನೆಸೀ ರಾಜ್ಯದ ಓಕ್ ರಿಡ್ಜ್, ರಷ್ಯಾದ ಡಿಮಿಟ್ರೋವ್‌ಗ್ರಾಡ್. ಡುಬ್ನಾದ ಯೂರಿ ಒಗನೆಸ್ಯಾನ್, ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೋಸೆಫ್ ಹ್ಯಾಮಿಲ್ಟನ್ ಇಬ್ಬರೂ ಓಕ್ ರಿಡ್ಜ್‌ನ ಬಾಗಿಲು ತಟ್ಟಿದ್ದರು. ಆದರೆ ಒಂದು ಪ್ರಯೋಗಕ್ಕೋಸ್ಕರ ರಿಯಾಕ್ಟರಿನಲ್ಲಿ ತಿಂಗಳುಗಟ್ಟಲೆ ಜಾಗ ಕೊಡುವ ಖರ್ಚು ಯಾರಿಗೂ ಭರಿಸುವಂತಿರಲಿಲ್ಲ. ದಾರಿ ತೆರೆದದ್ದು ವ್ಯಾಪಾರ. ಕ್ಯಾಲಿಫೋರ್ನಿಯಂ-252 ತಾನಾಗಿಯೇ ನ್ಯೂಟ್ರಾನ್ ಸೂಸುವ ವಸ್ತು; ತೈಲಬಾವಿ ಪರೀಕ್ಷೆ, ಸಿಮೆಂಟು-ಕಲ್ಲಿದ್ದಲಿನ ವಿಶ್ಲೇಷಣೆ, ಹೊಸ ರಿಯಾಕ್ಟರಿಗೆ ಚಾಲನೆ ಕೊಡುವುದು ಇಂಥ ಕೆಲಸಗಳಿಗೆ ಬೇಡಿಕೆಯಿದೆ. ಕೆಲಕಾಲ ನಿಂತಿದ್ದ ಅದರ ಉತ್ಪಾದನೆ 2008ರಲ್ಲಿ ವಾಣಿಜ್ಯ ಬೇಡಿಕೆಯಿಂದಾಗಿ ಮತ್ತೆ ಶುರುವಾಯಿತು. ಬರ್ಕೀಲಿಯಂ ಅದರ ಉಪಉತ್ಪನ್ನ. 117ನೇ ಧಾತುವಿಗೆ ತೈಲಬಾವಿಯವರ ಋಣವೂ ಸ್ವಲ್ಪ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಓಕ್ ರಿಡ್ಜ್‌ನ ಹೈ ಫ್ಲಕ್ಸ್ ಐಸೊಟೋಪ್ ರಿಯಾಕ್ಟರು 85 ಮೆಗಾವ್ಯಾಟಿನದು. ವಿದ್ಯುತ್ ಸ್ಥಾವರಗಳ ಮುಂದೆ ಪುಟ್ಟದು, ಆದರೆ ಅದರ ಗರ್ಭದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 2,500 ಲಕ್ಷ ಕೋಟಿ ನ್ಯೂಟ್ರಾನುಗಳು ಹರಿಯುತ್ತವೆ. ಕ್ಯೂರಿಯಂ-ಅಮೆರಿಸಿಯಂ ತುಂಬಿದ ಗುರಿಗಳು, ಅಂದರೆ ನ್ಯೂಟ್ರಾನುಗಳಿಗೆ ಒಡ್ಡುವ ಸಾಮಾನು, ಅಲ್ಲಿ ಸುಮಾರು 250 ದಿನ ಬೆಂದು 2008ರ ಡಿಸೆಂಬರಿನಲ್ಲಿ ಹೊರಬಂದವು. ಗಡಿಯಾರ ಶುರುವಾದದ್ದು ಆಗ.

ಹೊರಬಂದ ಕೂಡಲೇ ಕೈ ಹಾಕುವಂತಿಲ್ಲ. 90 ದಿನ ಸುಮ್ಮನೆ ತಣಿಯಲು ಬಿಡಬೇಕು. ಈ 90 ದಿನದಲ್ಲೇ ಬರ್ಕೀಲಿಯಂನ ಶೇ. 17ರಷ್ಟು ಕರಗಿಹೋಗುತ್ತದೆ ಎಂಬುದು ಗೊತ್ತಿದ್ದೂ ಕಾಯಬೇಕು. ಕಾರಣ, ಗುರಿಯೊಳಗೆ ವಿದಳನದಿಂದ ಹುಟ್ಟಿದ ಅಲ್ಪಾಯುಷಿಗಳು. ಅಯೊಡಿನ್-131ನ್ನೇ ತೆಗೆದುಕೊಳ್ಳಿ: ಅರ್ಧಾಯು 8 ದಿನ, ಆಮ್ಲದಲ್ಲಿ ಕರಗಿಸಿದರೆ ಅನಿಲವಾಗಿ ಹೊರಬಿದ್ದು ಚಿಮಣಿ ಹುಡುಕುವ ಜಾತಿ. 90 ದಿನದಲ್ಲಿ ಅದು ಹನ್ನೊಂದು ಸಲ ಅರ್ಧವಾಗಿ ಎರಡು ಸಾವಿರದಲ್ಲೊಂದು ಪಾಲಿಗೂ ಕಡಿಮೆಯಾಗುತ್ತದೆ. ಶೇ. 17 ಕೊಟ್ಟು ಈ ನೆಮ್ಮದಿ ಕೊಳ್ಳುವುದು ಲಾಭದ ವ್ಯಾಪಾರವೇ.

ಮುಂದಿನ 90 ದಿನ ರಸಾಯನಶಾಸ್ತ್ರದ್ದು. ನನಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಇಷ್ಟದ ಭಾಗ ಇದು, ಸುದ್ದಿಪತ್ರಿಕೆಗಳು ಒಂದು ಸಾಲಿನಲ್ಲಿ ದಾಟಿಸುವ ಭಾಗವೂ ಇದೇ. ದಪ್ಪ ಗೋಡೆಯ ಹಾಟ್ ಸೆಲ್‌ಗಳಲ್ಲಿ, ಕಿಟಕಿಯಾಚೆ ನಿಂತು ಯಾಂತ್ರಿಕ ಕೈಗಳಿಂದ ಮಾಡುವ ಕೆಲಸ. ಗುರಿಯನ್ನು ಕರಗಿಸಿದ ಮೇಲೆ ಮೊದಲ ಗೋಳು ಲ್ಯಾಂಥನೈಡ್‌ಗಳದು (57ರಿಂದ 71ರ ಧಾತುಗಳು). ವಿದಳನದಿಂದ ಹುಟ್ಟಿದ ಇವು ಆಕ್ಟಿನೈಡ್‌ಗಳಂತೆಯೇ (ಬರ್ಕೀಲಿಯಂ ಸೇರಿದ 89ರಿಂದ 103ರ ಸಾಲು) +3 ಸ್ಥಿತಿಯಲ್ಲಿ, ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡು, ಕೂತು ಎಲ್ಲದರಲ್ಲೂ ಅವುಗಳನ್ನೇ ಅನುಸರಿಸುತ್ತವೆ. ದಟ್ಟ ಲಿಥಿಯಂ ಕ್ಲೋರೈಡ್ ದ್ರಾವಣದಲ್ಲಿ ಅಯಾನು ವಿನಿಮಯ ರಾಳದ ಮೂಲಕ ಹಾಯಿಸಿದರೆ ಆಕ್ಟಿನೈಡ್‌ಗಳು ರಾಳಕ್ಕೆ ಸ್ವಲ್ಪ ಹೆಚ್ಚು ಅಂಟಿಕೊಳ್ಳುತ್ತವೆ. ಆ ಸ್ವಲ್ಪವನ್ನೇ ಹಿಡಿದು ಬೇರ್ಪಡಿಸಬೇಕು. ಆಮೇಲೆ ಆಲ್ಫಾ ಹೈಡ್ರಾಕ್ಸಿ ಐಸೊಬ್ಯುಟಿರೇಟ್ ಹಾಯಿಸಿ ರಾಳ ತುಂಬಿದ ಇನ್ನೊಂದು ಸ್ತಂಭದಲ್ಲಿ ಆಕ್ಟಿನೈಡ್‌ಗಳನ್ನು ತಮ್ಮ ತಮ್ಮಲ್ಲೇ ಬಿಡಿಸಬೇಕು. ಭಾರದ್ದು ಮೊದಲು ಇಳಿಯುತ್ತದೆ: ಫರ್ಮಿಯಂ, ಐನ್‌ಸ್ಟೈನಿಯಂ, ಕ್ಯಾಲಿಫೋರ್ನಿಯಂ, ಆಮೇಲೆ ಬರ್ಕೀಲಿಯಂ. ಇಲ್ಲಿ ಕೆಡುವುದು ಯಾವಾಗ ಎಂದರೆ ಆಲ್ಫಾ ವಿಕಿರಣ ನೀರನ್ನು ಒಡೆದು ಸ್ತಂಭದೊಳಗೆ ಗುಳ್ಳೆ ಎಬ್ಬಿಸಿದಾಗ. ಗುಳ್ಳೆ ಬಂದರೆ ಬೇರ್ಪಟ್ಟ ಧಾತುಗಳ ಪಟ್ಟಿಗಳು ಕಲಸಿಹೋಗುತ್ತವೆ. ಅದಕ್ಕೇ ಒತ್ತಡ ಹಾಕಿ ಬೇಗ ಬೇಗ ಹಾಯಿಸುತ್ತಾರೆ.

ಬರ್ಕೀಲಿಯಂಗೆ ಇನ್ನೊಂದು ಗುಣವಿದೆ, ಅದೇ ಅದರ ಕೈಗೆ ಸಿಗುವ ಜುಟ್ಟು. ನೈಟ್ರಿಕ್ ಆಮ್ಲದಲ್ಲಿ ಸೋಡಿಯಂ ಬ್ರೋಮೇಟ್ ಹಾಕಿದರೆ ಅದು +3ರಿಂದ +4ಕ್ಕೆ ಏರುತ್ತದೆ. ಅಕ್ಕಪಕ್ಕದ ಕ್ಯೂರಿಯಂ, ಕ್ಯಾಲಿಫೋರ್ನಿಯಂ ಜಪ್ಪಯ್ಯ ಅಂದರೂ ಏರುವುದಿಲ್ಲ. +4 ಆದದ್ದನ್ನು ಸಾವಯವ ಫಾಸ್ಫೋರಿಕ್ ಆಮ್ಲವೊಂದು ಎಳೆದುಕೊಳ್ಳುತ್ತದೆ, ಉಳಿದವು ನೀರಿನ ಪದರದಲ್ಲೇ ಇರುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟರೆ ಮತ್ತೆ +3ಕ್ಕಿಳಿದು ನೀರಿಗೆ ವಾಪಸ್. ಇಷ್ಟು ಚೆಂದದ ಉಪಾಯಕ್ಕೂ ಒಂದು ತೂತು: ಸೀರಿಯಂ. ಅದೂ +4ಕ್ಕೆ ಏರಬಲ್ಲದು, ಬರ್ಕೀಲಿಯಂನ ಬಾಲ ಹಿಡಿದು ಎಲ್ಲ ಕಡೆಗೂ ಬರುತ್ತದೆ. ಅದನ್ನು ಕಳೆಯಲು ಮತ್ತೊಂದು ಸುತ್ತು ಸ್ತಂಭಕ್ಕೇ ಹೋಗಬೇಕು.

ಕೊನೆಗೆ ಕೈಗೆ ಬಂದದ್ದು 22 ಮಿಲಿಗ್ರಾಂ. ಕಲ್ಮಶವಾಗಿ ಉಳಿದ ಕ್ಯಾಲಿಫೋರ್ನಿಯಂ-252 ಎಷ್ಟು ಗೊತ್ತೇ? 1.7 ನ್ಯಾನೋಗ್ರಾಂ. ಕೋಟಿಗೆ ಒಂದು ಪಾಲಿಗಿಂತಲೂ ಕಡಿಮೆ. ಈ ಹಟಕ್ಕೆ ಅರ್ಥವಿದೆ: ಅಷ್ಟು ಚೂರೇ ಸೆಕೆಂಡಿಗೆ ಸುಮಾರು ಸಾವಿರ ಸಲ ಸ್ವಯಂ ವಿದಳನಗೊಳ್ಳುತ್ತದೆ. ಮೈಕ್ರೋಗ್ರಾಂ ಉಳಿದಿದ್ದರೆ ಅದರ ನ್ಯೂಟ್ರಾನುಗಳ ನಡುವೆ ಗುರಿಯನ್ನು ಕೈಗವಸಿನ ಪೆಟ್ಟಿಗೆಯಲ್ಲಿ ತಯಾರಿಸುವುದೇ ಕಷ್ಟವಾಗುತ್ತಿತ್ತು. ಶುದ್ಧ ಬರ್ಕೀಲಿಯಂ-249 ಮಾತ್ರ ವಿಕಿರಣದ ವಿಷಯದಲ್ಲಿ ಸಾಧು. 22 ಮಿಲಿಗ್ರಾಂ ಸೆಕೆಂಡಿಗೆ 1.3 ಲಕ್ಷ ಕೋಟಿ ಸಲ ಕ್ಷಯವಾದರೂ ಸೂಸುವುದು ತೀರಾ ದುರ್ಬಲ ಬೀಟಾ ಕಣ. ತೆಳು ಪ್ಲಾಸ್ಟಿಕ್ಕೇ ತಡೆಯುತ್ತದೆ. ದಿನ ಕಳೆದಂತೆ ಒಳಗೆ ಬೆಳೆಯುವ ಕ್ಯಾಲಿಫೋರ್ನಿಯಂ-249ರ ಆಲ್ಫಾ, ಗಾಮಾಗಳದೇ ಕಾಟ.

2009ರ ಜೂನ್‌ನಲ್ಲಿ ಐದು ಸೀಸದ ಡಬ್ಬಿಗಳಲ್ಲಿ ಇದು ನ್ಯೂಯಾರ್ಕಿನಿಂದ ಮಾಸ್ಕೋಗೆ ಹೊರಟಿತು, ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ. ಕಾಗದಪತ್ರ ಸರಿಯಿಲ್ಲವೆಂದು ರಷ್ಯಾದ ಸುಂಕದವರು ಎರಡು ಸಲ ವಾಪಸ್ ಕಳಿಸಿದರು. ಡಬ್ಬಿಗಳು ಕೆಲವೇ ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ಐದು ಸಲ ದಾಟಿದವು. ಅತ್ತ ದಿನಕ್ಕೆ ಶೇ. 0.2ರಂತೆ ಬರ್ಕೀಲಿಯಂ ಕರಗುತ್ತಲೇ ಇತ್ತು. ಇದನ್ನು ತಮಾಷೆಯಾಗಿ ಹೇಳುವುದು ವಾಡಿಕೆ. ಆದರೆ ಐದಾರು ದಿನದ ನಷ್ಟ ಶೇ. ಒಂದರಷ್ಟೇ, 180 ದಿನ ತಣಿಸಿ ತೊಳೆಯುವಾಗ ಹೋದದ್ದರ ಮುಂದೆ ಅದು ಏನೇನೂ ಅಲ್ಲ. ಕಾಗದಪತ್ರ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದರೆ ಮಾತು ಬೇರೆ.

ಡಿಮಿಟ್ರೋವ್‌ಗ್ರಾಡಿನಲ್ಲಿ ಅದನ್ನು ಕ್ಯಾಲ್ಸಿಯಂ ಬಡಿಯಬೇಕಾದ ಗುರಿಯಾಗಿ ಮಾಡಿದರು. ಟೈಟಾನಿಯಂ ಹಾಳೆಯ ಆರು ಬಿಲ್ಲೆಗಳು, ಪ್ರತಿಯೊಂದೂ ಕಮಾನಿನಾಕಾರದ್ದು, 6 ಚದರ ಸೆಂಟಿಮೀಟರ್. ಹಾಳೆಯ ದಪ್ಪ ಚದರ ಸೆಂಟಿಮೀಟರಿಗೆ 0.74 ಮಿಲಿಗ್ರಾಂ, ಅಂದರೆ 2 ಮೈಕ್ರಾನ್‌ಗಿಂತ ತೆಳು. ಅದರ ಮೇಲೆ ಬರ್ಕೀಲಿಯಂ ಡೈಆಕ್ಸೈಡಿನ ಲೇಪ, ಚದರ ಸೆಂಟಿಮೀಟರಿಗೆ ಬರ್ಕೀಲಿಯಂ 0.31 ಮಿಲಿಗ್ರಾಂ. ಲೇಪ ದಪ್ಪವಾದಷ್ಟೂ ಡಿಕ್ಕಿ ಹೆಚ್ಚಲ್ಲವೇ ಎನ್ನಬಹುದು. ಆದರೆ ಎರಡು ಕಡೆ ಹೊಡೆತ ಬೀಳುತ್ತದೆ. ಒಂದು, ಕ್ಯಾಲ್ಸಿಯಂ ಅಯಾನು ಲೇಪದೊಳಗೆ ಹೋಗುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಸಮ್ಮಿಳನಕ್ಕೆ ಒಗ್ಗುವ ಶಕ್ತಿಯ ಕಿಂಡಿ ಬಲು ಕಿರಿದು, ಆಳಕ್ಕೆ ಹೋದಂತೆ ಕಿಂಡಿ ತಪ್ಪುತ್ತದೆ. ಎರಡು, ಹುಟ್ಟಿದ ಭಾರದ ನ್ಯೂಕ್ಲಿಯಸ್ ನಿಧಾನದ್ದು. ದಪ್ಪ ಲೇಪದಲ್ಲಿ ಅಲ್ಲೇ ಸಿಕ್ಕಿಬೀಳುತ್ತದೆ ಅಥವಾ ದಾರಿ ಓರೆಯಾಗುತ್ತದೆ. ಆರೂ ಬಿಲ್ಲೆಗಳನ್ನು ಒಂದು ಚಕ್ರಕ್ಕೆ ಕೂರಿಸಿ ನಿಮಿಷಕ್ಕೆ 1,700 ಸುತ್ತು ತಿರುಗಿಸುತ್ತಾರೆ. ಇಲ್ಲದಿದ್ದರೆ ಅಯಾನುಗಳ ದೂಲ (ಬೀಮ್, ಅಂದರೆ ಅಯಾನುಗಳ ಧಾರೆ) ಒಂದೇ ಜಾಗಕ್ಕೆ ಬಡಿದು ಹಾಳೆ ಕೆಂಡವಾಗಿ ಲೇಪ ಉದುರುತ್ತದೆ. ಉದುರಿದ ಬರ್ಕೀಲಿಯಂಗೆ ಬದಲಿ ಯಾರ ಬಳಿಯೂ ಇರಲಿಲ್ಲ.

2009ರ ಜುಲೈ 27ರಂದು ಡುಬ್ನಾದ ಯು-400 ಸೈಕ್ಲೋಟ್ರಾನಿನ ದೂಲ ಗುರಿಯ ಮೇಲೆ ಬಿತ್ತು. ಕ್ಯಾಲ್ಸಿಯಂ-48ರ ಅಯಾನುಗಳು, ಸೆಕೆಂಡಿಗೆ ಸುಮಾರು 7 ಲಕ್ಷ ಕೋಟಿ, ಬೆಳಕಿನ ಹತ್ತನೇ ಒಂದು ಪಾಲು ವೇಗದಲ್ಲಿ. ಮೊದಲ 70 ದಿನ 252 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಎಂಇವಿ) ಶಕ್ತಿಯಲ್ಲಿ, ಆಮೇಲಿನ 70 ದಿನ 247 ಎಂಇವಿ ಶಕ್ತಿಯಲ್ಲಿ. ಐದು ಎಂಇವಿಯ ಈ ವ್ಯತ್ಯಾಸ ಯಾಕೆಂದರೆ ಶಕ್ತಿ ಹೆಚ್ಚಿದ್ದರೆ ಸಂಯುಕ್ತ ನ್ಯೂಕ್ಲಿಯಸ್ (ದ್ರವ್ಯಸಂಖ್ಯೆ 297) ನಾಲ್ಕು ನ್ಯೂಟ್ರಾನ್ ಉಗುಳಿ 293 ಆಗುತ್ತದೆ, ಕಡಿಮೆಯಿದ್ದರೆ ಮೂರು ಉಗುಳಿ 294 ಆಗುತ್ತದೆ. ಒಂದೇ ಧಾತುವಿನ ಎರಡು ಐಸೊಟೋಪು ಸಿಕ್ಕರೆ ಸಾಕ್ಷ್ಯಕ್ಕೆ ಎರಡು ಕಾಲು.

ಗುರಿಯಿಂದ ಹೊರಬರುವುದು ಬರೀ 117 ಅಲ್ಲ. ಡಿಕ್ಕಿಯಾಗದ ಕ್ಯಾಲ್ಸಿಯಂ ಅಯಾನುಗಳ ಪ್ರವಾಹ, ಅರೆಬರೆ ಡಿಕ್ಕಿಯ ಚೂರುಪಾರು, ಎಲ್ಲವೂ ಒಟ್ಟಿಗೆ ಮುಂದಕ್ಕೆ ಚಿಮ್ಮುತ್ತವೆ. ಜಾಲರಿಯ ಕೆಲಸ ಅನಿಲ ತುಂಬಿದ ಸೆಪರೇಟರಿನದು. ಸುಮಾರು ಒಂದು ಟಾರ್ (ವಾಯುಮಂಡಲದ ಒತ್ತಡದ 760ರಲ್ಲೊಂದು ಪಾಲು) ಒತ್ತಡದಲ್ಲಿ ಹೈಡ್ರೋಜನ್ ತುಂಬಿದ ಕೊಳವೆ, ಅದರ ಸುತ್ತ ಕಾಂತಗಳು. ಅನಿಲ ಯಾಕೆ? ಗುರಿಯಿಂದ ಹೊರಬಿದ್ದ ಪ್ರತಿ ನ್ಯೂಕ್ಲಿಯಸ್ ಬೇರೆ ಬೇರೆ ವಿದ್ಯುದಂಶ ಹೊತ್ತಿರುತ್ತದೆ. ನಿರ್ವಾತದಲ್ಲಾದರೆ ಕಾಂತ ಒಂದೊಂದನ್ನು ಒಂದೊಂದು ಕಡೆ ಬಾಗಿಸುತ್ತದೆ. ಅನಿಲದಲ್ಲಿ ಎಲೆಕ್ಟ್ರಾನುಗಳನ್ನು ಕೊಡುತ್ತಾ ತೆಗೆದುಕೊಳ್ಳುತ್ತಾ ಎಲ್ಲವೂ ಒಂದು ಸರಾಸರಿ ವಿದ್ಯುದಂಶಕ್ಕೆ ಬರುತ್ತವೆ, ಒಂದೇ ದಾರಿ ಹಿಡಿಯುತ್ತವೆ. ಇಷ್ಟಾದರೂ 117ರ ನೂರರಲ್ಲಿ 35 ಮಾತ್ರ ಪತ್ತೆಕಾರಕ (ಡಿಟೆಕ್ಟರ್) ತಲುಪುತ್ತವೆ. ದಾರಿ ಸವೆಸಲು ಬೇಕಾದ್ದು ಸುಮಾರು ಒಂದು ಮೈಕ್ರೋಸೆಕೆಂಡ್.

ಒಂದು ಸಣ್ಣ ಲೆಕ್ಕ ಹಾಕೋಣ, ಆರು ಪರಮಾಣು ಅಂದರೆ ಎಷ್ಟು ಕಡಿಮೆ ಎಂಬುದು ಗೊತ್ತಾಗಲಿ. ಮೊದಲ 70 ದಿನದಲ್ಲಿ ಗುರಿಗೆ ಬಿದ್ದ ಅಯಾನುಗಳು 24ರ ಮುಂದೆ 18 ಸೊನ್ನೆ. ಲೇಪದಲ್ಲಿ ಚದರ ಸೆಂಟಿಮೀಟರಿಗೆ ಬರ್ಕೀಲಿಯಂ ಪರಮಾಣುಗಳು 75ರ ಮುಂದೆ 16 ಸೊನ್ನೆ. ಸಮ್ಮಿಳನದ ಅಡ್ಡಕೊಯ್ತ (ಸಮ್ಮಿಳನದ ಸಾಧ್ಯತೆಯನ್ನು ವಿಸ್ತೀರ್ಣದಲ್ಲಿ ಹೇಳುವ ಅಳತೆ) 1 ಪಿಕೋಬಾರ್ನ್ ಎಂದಿಟ್ಟುಕೊಂಡರೆ, ಅಂದರೆ ಒಂದು ಚದರ ಸೆಂಟಿಮೀಟರನ್ನು 1ರ ಮುಂದೆ 36 ಸೊನ್ನೆಯಿಂದ ಭಾಗಿಸಿದಷ್ಟು, ಎಲ್ಲವನ್ನೂ ಗುಣಿಸಿದಾಗ ಬರುವುದು 18. ಅದರಲ್ಲಿ ಶೇ. 35 ಅಂದರೆ ಆರು. ಆ ಅವಧಿಯಲ್ಲಿ ನಿಜವಾಗಿ ಕಂಡದ್ದು 293ರ ಐದು. ಎರಡನೇ ಅವಧಿಯಲ್ಲಿ 294ರ ಒಂದು. ಒಟ್ಟು ಆರು. ಅವರು ಲೆಕ್ಕ ಹಾಕಿ ಕೊಟ್ಟ ಅಡ್ಡಕೊಯ್ತಗಳು 293ಕ್ಕೆ 1.3, 294ಕ್ಕೆ 0.5 ಪಿಕೋಬಾರ್ನ್, ಎರಡಕ್ಕೂ ದೋಷದ ಅಂತರ ಆ ಸಂಖ್ಯೆಗಳಷ್ಟೇ ದೊಡ್ಡದು. ಒಂದೇ ಘಟನೆಯಿಂದ ತೆಗೆದ ಸಂಖ್ಯೆ ಹಾಗೇ ಇರುತ್ತದೆ.

ಕಂಡದ್ದು ಅಂದರೇನು? ಧಾತುವನ್ನು ಯಾರೂ ಕಣ್ಣಲ್ಲಿ ನೋಡಿಲ್ಲ. 12 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ, 12 ನಿಲುವು ಪಟ್ಟಿಗಳಾಗಿ ವಿಂಗಡಿಸಿದ ಸಿಲಿಕಾನ್ ತಟ್ಟೆಯೊಳಗೆ ನ್ಯೂಕ್ಲಿಯಸ್ ಹೂತುಕೊಳ್ಳುತ್ತದೆ. ಅಲ್ಲೊಂದು ಸಂಕೇತ. ಅದೇ ಪಟ್ಟಿಯಲ್ಲಿ, ಅದೇ ಜಾಗದಲ್ಲಿ ಮಿಲಿಸೆಕೆಂಡುಗಳ ನಂತರ 11 ಎಂಇವಿ ಆಸುಪಾಸಿನ ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನಿನ ಗಂಟು) ಹೊರಟರೆ ಎರಡನೇ ಸಂಕೇತ. ಈ ಎರಡೂ ಎರಡು ಮಿಲಿಮೀಟರಿನಷ್ಟು ಕಿಂಡಿಯೊಳಗೆ ಹೊಂದಿಕೊಂಡರೆ ಯಂತ್ರ ತಾನೇ ದೂಲವನ್ನು ನಿಲ್ಲಿಸುತ್ತದೆ. ದೂಲ ಹರಿಯುವಾಗ ಪತ್ತೆಕಾರಕದಲ್ಲಿ ಗದ್ದಲ. ಮುಂದಿನ ಆಲ್ಫಾಗಳು ಸೆಕೆಂಡು, ನಿಮಿಷ, ಗಂಟೆಗಳ ನಂತರ ಬರಬಹುದು, ಗದ್ದಲದಲ್ಲಿ ಅವು ಆಕಸ್ಮಿಕವೋ ಅಸಲಿಯೋ ಹೇಳಲಾಗದು. ನಿಶ್ಶಬ್ದ ಮಾಡಿ ಕಾಯುವುದೇ ಈ ಕಲೆಯ ಮರ್ಮ.

293ರ ಸರಣಿ ಹೀಗಿತ್ತು. 117 ಸುಮಾರು 14 ಮಿಲಿಸೆಕೆಂಡ್ ಅರ್ಧಾಯುವಿನಲ್ಲಿ 11.03 ಎಂಇವಿ ಆಲ್ಫಾ ಬಿಟ್ಟು 115ರ 289 ಆಯಿತು. ಅದು 0.22 ಸೆಕೆಂಡಿನಲ್ಲಿ 10.31 ಎಂಇವಿ ಆಲ್ಫಾ ಬಿಟ್ಟು 113ರ 285. ಅದು 5.5 ಸೆಕೆಂಡಿನಲ್ಲಿ ರಾಂಟ್‌ಜೀನಿಯಂ-281 (111ನೇ ಧಾತು). ಅದು 26 ಸೆಕೆಂಡಿನಲ್ಲಿ ಎರಡು ಹೋಳಾಗಿ ಕಥೆ ಮುಗಿಯಿತು. ಕೆಳಗಿಳಿದಂತೆ ಆಲ್ಫಾ ಶಕ್ತಿ ಇಳಿಯುತ್ತದೆ, ಆಯುಷ್ಯ ಏರುತ್ತದೆ; ಈ ಏರಿಳಿತ ಸಿದ್ಧಾಂತ ಹೇಳಿದ ದಾರಿಯಲ್ಲೇ ಇತ್ತು. 294ರ ಸರಣಿ ಇನ್ನೂ ಉದ್ದ: ಆರು ಆಲ್ಫಾಗಳು, ಕೊನೆಗೆ ಡುಬ್ನಿಯಂ-270 (105ನೇ ಧಾತು). ಅದರ ವಿದಳನ ದಾಖಲಾದದ್ದು 33 ಗಂಟೆಗಳ ಬಳಿಕ.

ಇಲ್ಲೊಂದು ನಿಜವಾದ ತೊಡಕಿದೆ. ಸಾಮಾನ್ಯವಾಗಿ ಹೊಸ ಧಾತುವಿನ ಸರಣಿ ಈಗಾಗಲೇ ಗೊತ್ತಿರುವ ಐಸೊಟೋಪಿಗೆ ಬಂದು ಸೇರಬೇಕು. ಆಗ ಹಿಂದಕ್ಕೆ ಎಣಿಸಿ ಧಾತು ಯಾವುದು ಎಂದು ಖಚಿತಪಡಿಸಬಹುದು. 117ರ ಎರಡೂ ಸರಣಿಗಳಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಹೊಸಬರು. ಹಾಗಾಗಿ ಡುಬ್ನಾದವರು ಇನ್ನೊಂದು ಕಡೆಯಿಂದ ಬಂದರು. ಅಮೆರಿಸಿಯಂ-243ಕ್ಕೆ ಕ್ಯಾಲ್ಸಿಯಂ ಗುದ್ದಿಸಿ, ಎರಡೇ ನ್ಯೂಟ್ರಾನ್ ಹೋಗುವಂತೆ ಶಕ್ತಿ ಹೊಂದಿಸಿ, 115ರ 289ನ್ನು ನೇರವಾಗಿ ಮಾಡಿದರು. ಅದರ ಕ್ಷಯ 117ರ ಮಗಳ ಕ್ಷಯಕ್ಕೆ ಹೊಂದಿತು. ಹೊಸ ಧಾತುವಿಗೆ ಮಾನ್ಯತೆ ಕೊಟ್ಟ ಅಂತರರಾಷ್ಟ್ರೀಯ ಸಮಿತಿ ಮುಖ್ಯವಾಗಿ ಒಪ್ಪಿದ್ದು ಈ ಅಡ್ಡಸಾಕ್ಷಿಯನ್ನು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಗುಂಪು ಮಾತ್ರ 2016ರಲ್ಲಿ ಸಂಖ್ಯಾಶಾಸ್ತ್ರ ಹಿಡಿದು, ಈ ಎರಡು ರಾಶಿಗಳು ಒಂದೇ ಮೂಲದವೆಂಬುದು ಅಷ್ಟು ಗಟ್ಟಿಯಲ್ಲ ಎಂದು ತಕರಾರು ತೆಗೆಯಿತು. ಬೆರಳೆಣಿಕೆಯ ಘಟನೆಗಳಲ್ಲಿ ಅಂಥ ತಕರಾರು ಸಹಜ, ಆರೋಗ್ಯಕರ ಕೂಡ. ಧಾತು ಇದೆಯೋ ಇಲ್ಲವೋ ಎಂಬುದಕ್ಕಿಂತ ಯಾವ ಸರಣಿ ಯಾವುದರದು ಎಂಬ ಜಗಳ ಅದು.

2012ರಲ್ಲಿ ಓಕ್ ರಿಡ್ಜ್‌ನಿಂದ ಹೊಸ ಬರ್ಕೀಲಿಯಂ ಬಂತು, ಡುಬ್ನಾದಲ್ಲಿ ಪ್ರಯೋಗ ಮರುಕಳಿಸಿ ಇನ್ನಷ್ಟು ಪರಮಾಣುಗಳು ಸಿಕ್ಕವು. ಆಗ ಒಂದು ಸ್ವಾರಸ್ಯ ನಡೆಯಿತು. ಗುರಿಯೊಳಗಿನ ಬರ್ಕೀಲಿಯಂ ಹಳತಾಗಿ ಕ್ಯಾಲಿಫೋರ್ನಿಯಂ ಸೇರಿಕೊಂಡಿತ್ತಲ್ಲ, ಅದಕ್ಕೆ ಬಡಿದ ಕ್ಯಾಲ್ಸಿಯಂನಿಂದ 118ರ ಒಂದು ಪರಮಾಣುವೂ ಹುಟ್ಟಿ ದಾಖಲಾಯಿತು. ಕಾಟ ಕೊಡುತ್ತಿದ್ದ ಕ್ಷಯವೇ ಪುಕ್ಕಟೆಯಾಗಿ ಪಕ್ಕದ ಧಾತುವನ್ನು ಕೊಟ್ಟಿತು.

ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಕೇಂದ್ರಕ್ಕೂ ಸುಮಾರು 13 ಮಿಲಿಗ್ರಾಂ ಹೋಯಿತು. ಅಲ್ಲಿನ ಟಾಸ್ಕಾ ಸೆಪರೇಟರಿನಲ್ಲಿ 294ರ ಎರಡು ಸರಣಿ ಕಂಡ ವಿಷಯ 2014ರಲ್ಲಿ ಪ್ರಕಟವಾಯಿತು. 16 ಸಂಸ್ಥೆಗಳ 72 ಮಂದಿಯ ಆ ತಂಡದಲ್ಲಿ ಭಾರತದವರೂ ಇದ್ದರು, ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್ ಆಫ್ ನ್ಯೂಕ್ಲಿಯರ್ ಫಿಸಿಕ್ಸ್ ಕಡೆಯಿಂದ. ಅವರು ಕಂಡಂತೆ ಡುಬ್ನಿಯಂ-270 ಒಡೆದುಹೋಗುವ ಬದಲು ಸುಮಾರು ಒಂದು ಗಂಟೆಯ ಅರ್ಧಾಯುವಿನಲ್ಲಿ ಆಲ್ಫಾ ಬಿಟ್ಟು ಲಾರೆನ್ಸಿಯಂ-266 ಆಗುತ್ತದೆ. ಸುಮಾರು 11 ಗಂಟೆ ಅರ್ಧಾಯುವಿನ ಅದು ಆಮೇಲೆ ವಿದಳನಗೊಳ್ಳುತ್ತದೆ. ಡುಬ್ನಾದ ಮೊದಲ ಸರಣಿಯಲ್ಲಿ ಒಂದು ಆಲ್ಫಾ ಕಣ್ತಪ್ಪಿರಬಹುದು ಎಂದು ಊಹಿಸಲು ಅಡ್ಡಿಯಿಲ್ಲ; ಯಾವ ಪತ್ತೆಕಾರಕವೂ ಎಲ್ಲ ಆಲ್ಫಾಗಳನ್ನೂ ಹಿಡಿಯುವುದಿಲ್ಲ.

ಮಾನ್ಯತೆ ಸಿಕ್ಕಿದ್ದು 2015ರ ಡಿಸೆಂಬರ್ 30ಕ್ಕೆ, ಹೆಸರು ಖಾಯಂ ಆದದ್ದು 2016ರ ನವೆಂಬರ್ 28ಕ್ಕೆ: ಟೆನ್ನೆಸಿನ್. ಓಕ್ ರಿಡ್ಜ್, ವಾಂಡರ್‌ಬಿಲ್ಟ್, ಟೆನ್ನೆಸೀ ವಿಶ್ವವಿದ್ಯಾಲಯ ಮೂರೂ ಇರುವ ರಾಜ್ಯದ ಹೆಸರು. ದೂಲ ರಷ್ಯಾದ್ದು, ಸೆಪರೇಟರ್ ರಷ್ಯಾದ್ದು, ಹೆಸರು ಬರ್ಕೀಲಿಯಂ ಕೊಟ್ಟವರದ್ದು. ನ್ಯಾಯವಾಗಿಯೇ ಇದೆ.

ಹೆಸರಿನ ಬಾಲ ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳಂತಿದೆ. 17ನೇ ಗುಂಪಿನಲ್ಲಿ ಕೂತಿದೆ. ಹಾಗಾದರೆ ಹ್ಯಾಲೊಜನ್ನೇ? ಕ್ವಾಂಟಂ ಲೆಕ್ಕಗಳು ಹೇಳುವ ಪ್ರಕಾರ, ಹೆಸರಿಗಷ್ಟೇ. 117 ಪ್ರೋಟಾನಿನ ಸೆಳೆತದಲ್ಲಿ ಒಳಗಿನ ಎಲೆಕ್ಟ್ರಾನುಗಳು ಸರಳ ಲೆಕ್ಕಕ್ಕೆ ಬೆಳಕಿನ ವೇಗದ ಶೇ. 85ರಷ್ಟು ಓಡಬೇಕಾಗುತ್ತದೆ. ಅದರ ಪರಿಣಾಮ ಹೊರಗಿನ ಕಕ್ಷೆಯ ತನಕ ಮುಟ್ಟುತ್ತದೆ: ಹೊರಗಿನ ಐದು ಪಿ ಎಲೆಕ್ಟ್ರಾನುಗಳಲ್ಲಿ ಎರಡು ಒಳಕ್ಕೆ ಸರಿದು ಜಡವಾಗುತ್ತವೆ, ಮೂರು ಸಡಿಲವಾಗಿ ಹೊರಗುಳಿಯುತ್ತವೆ. ಇನ್ನೊಂದು ಎಲೆಕ್ಟ್ರಾನನ್ನು ಕಸಿದುಕೊಳ್ಳುವ ಹಸಿವು ಕಡಿಮೆಯಾಗುತ್ತದೆ. ಎಲೆಕ್ಟ್ರಾನ್ ಬಂಧುತ್ವ ಕ್ಲೋರಿನ್‌ಗೆ 3.6 ಎಲೆಕ್ಟ್ರಾನ್ ವೋಲ್ಟ್, ಅಯೊಡಿನ್‌ಗೆ 3.06, ಆಸ್ಟಟಿನ್‌ಗೆ 2.4. ಟೆನ್ನೆಸಿನ್‌ಗೆ ಲೆಕ್ಕ ಹಾಕಿದ್ದು 1.8ರ ಆಸುಪಾಸು. ಅಯಾನೀಕರಣಕ್ಕೆ ಬೇಕಾದ ಶಕ್ತಿ ಸುಮಾರು 7.7, ಅಂದರೆ ಬೆಳ್ಳಿಯ ಮಟ್ಟ. −1ಕ್ಕಿಂತ +1, +3 ಸ್ಥಿತಿಗಳೇ ಅದಕ್ಕೆ ಹಿತ. ಮೂರು ಫ್ಲೋರಿನ್ ಕಟ್ಟಿದರೆ ಅಯೊಡಿನ್‌ನಲ್ಲಾದಂತೆ ಟಿ ಆಕಾರ ಬರದೆ ಸಮತಲ ತ್ರಿಕೋನ ಬರುತ್ತದಂತೆ. ಗಟ್ಟಿ, ಅರೆಲೋಹದಂಥ ವಸ್ತು.

ಇವೆಲ್ಲ ಕಾಗದದ ಮೇಲಿನವು. ಇಂಥ ರಸಾಯನ ಪ್ರಯೋಗದಲ್ಲಿ ಪರಮಾಣುವನ್ನು ಅನಿಲದಲ್ಲಿ ತೇಲಿಸಿ, ಚಿನ್ನ ಅಥವಾ ಸ್ಫಟಿಕ ಶಿಲೆಯ ಮೇಲ್ಮೈ ಮೇಲೆ ಎಲ್ಲಿ ಅಂಟಿಕೊಳ್ಳುತ್ತದೆ ಎಂದು ನೋಡುತ್ತಾರೆ. ಕೋಪರ್ನೀಸಿಯಂ (112), ಫ್ಲೆರೋವಿಯಂಗಳಿಗೆ (114) ಸೆಕೆಂಡುಗಳ ಆಯುಷ್ಯವಿದ್ದದ್ದರಿಂದ ಇದು ಸಾಧ್ಯವಾಯಿತು. 0.2 ಸೆಕೆಂಡಿನ ಮಾಸ್ಕೋವಿಯಂಗೆ (115ನೇ ಧಾತು) ಜಿಎಸ್‌ಐನವರು ಹರಸಾಹಸ ಮಾಡಿ 2024ರಲ್ಲಿ ಫಲಿತಾಂಶ ಕೊಟ್ಟರು. ಟೆನ್ನೆಸಿನ್-294ರ ಅರ್ಧಾಯು ಈಗಿನ ಅಂದಾಜಿನಂತೆ 50 ಮಿಲಿಸೆಕೆಂಡ್. ಪರಮಾಣು ಸೆಪರೇಟರಿನಿಂದ ಹೊರಬಂದು ಅನಿಲದಲ್ಲಿ ತೇಲಿ ಆ ಮೇಲ್ಮೈ ತಲುಪುವಷ್ಟರಲ್ಲಿ ಎಷ್ಟೋ ಸಲ ಅದು ಮಾಸ್ಕೋವಿಯಂ ಆಗಿಬಿಟ್ಟಿರುತ್ತದೆ.

ಬರ್ಕೀಲಿಯಂನ ಕೆಲಸ ಇಷ್ಟಕ್ಕೇ ನಿಲ್ಲಲಿಲ್ಲ. ಕ್ಯಾಲ್ಸಿಯಂನಿಂದ 119 ಬೇಕಿದ್ದರೆ ಐನ್‌ಸ್ಟೈನಿಯಂ ಗುರಿ ಬೇಕು, ಅದು ಮೈಕ್ರೋಗ್ರಾಂ ಲೆಕ್ಕದಲ್ಲಷ್ಟೇ ಸಿಗುವ ವಸ್ತು. ಆದ್ದರಿಂದ ಜಿಎಸ್‌ಐ 2012ರಲ್ಲಿ ಬರ್ಕೀಲಿಯಂ ಗುರಿಗೇ ಟೈಟಾನಿಯಂ-50 ಗುದ್ದಿಸಿ ನೋಡಿತು: 22 ಮತ್ತು 97, ಒಟ್ಟು 119. ನಾಲ್ಕು ತಿಂಗಳ ದೂಲಕ್ಕೆ ಒಂದು ಸರಣಿಯೂ ಸಿಗಲಿಲ್ಲ. ಅಡ್ಡಕೊಯ್ತ 65 ಫೆಮ್ಟೋಬಾರ್ನ್‌ಗಿಂತ (ಪಿಕೋಬಾರ್ನ್‌ನ ಸಾವಿರದಲ್ಲೊಂದು ಪಾಲು ಒಂದು ಫೆಮ್ಟೋಬಾರ್ನ್) ಕಡಿಮೆ ಎಂಬ ಮಿತಿ ಮಾತ್ರ ಉಳಿಯಿತು. ಅಂದರೆ 117ರ 1.3 ಪಿಕೋಬಾರ್ನ್‌ನ ಇಪ್ಪತ್ತರಲ್ಲಿ ಒಂದು ಪಾಲಿಗೂ ಕೆಳಗೆ. ಅಷ್ಟು ಸಣ್ಣ ಅಡ್ಡಕೊಯ್ತಕ್ಕೆ ವರ್ಷಗಟ್ಟಲೆ ದೂಲ ಬೇಕು, ಅಷ್ಟರಲ್ಲಿ ಬರ್ಕೀಲಿಯಂ ಗುರಿ ಅರ್ಧ ಕ್ಯಾಲಿಫೋರ್ನಿಯಂ ಆಗಿರುತ್ತದೆ. ಜಪಾನಿನ ರಿಕೆನ್ ಸಂಸ್ಥೆ ಅದೇ 119ಕ್ಕೆ ಕ್ಯೂರಿಯಂ-248 ಗುರಿ ಮತ್ತು ವನೇಡಿಯಂ ದೂಲವನ್ನು ಆರಿಸಿಕೊಂಡಿದೆ. ಆ ಕ್ಯೂರಿಯಂನ ಅರ್ಧಾಯು ಮೂರು ಲಕ್ಷ ವರ್ಷಕ್ಕೂ ಹೆಚ್ಚು.